ಫುಟ್ಬಾಲ್ ಲೀಗಿನ ಒಂದು ಸೀಸನ್: ಸೆವೆನ್ಸ್ ಬಲ್ಲವರಿಗೊಂದು ವಿವರಣೆ

ಮಳೆಗಾಲ ಮುಗಿದು ಗದ್ದೆ, ಮೈದಾನಗಳು ಒಣಗಿದವೆಂದರೆ ಕಾಸರಗೋಡು ಜಿಲ್ಲೆಯಲ್ಲಿ ಸೆವೆನ್ಸ್ ಫುಟ್ಬಾಲಿನ ಕಾಲ. ತೆಂಕಣ ತೃಕ್ಕರಿಪುರ, ಪಡನ್ನದಿಂದ ಹಿಡಿದು ಬಡಗಣ ಮೊಗ್ರಾಲ್, ಉಪ್ಪಳದವರೆಗೆ ಟೂರ್ನಮೆಂಟುಗಳು ನಡೆಯುತ್ತವೆ. ಬಿದಿರು, ಅಡಿಕೆ ಮರ ಕಟ್ಟಿ ನಿಲ್ಲಿಸಿದ ಗ್ಯಾಲರಿ, ಫ್ಲಡ್‌ಲೈಟು, ಜೀಪಿನ ಮೇಲೆ ಮೈಕ್ ಕಟ್ಟಿ ಊರೂರು ಸುತ್ತುವ ಪ್ರಚಾರ, ನೈಜೀರಿಯಾ, ಘಾನಾ ಕಡೆಯಿಂದ ಬಂದ ಆಟಗಾರರು. ತಂಡಕ್ಕೆ ಏಳೇ ಮಂದಿ. ಆಫ್‌ಸೈಡ್ ಇಲ್ಲ. ಮೈದಾನ ಚಿಕ್ಕದಾದ್ದರಿಂದ ಗೋಲ್‌ಕೀಪರ್ ಹೊಡೆದ ಚೆಂಡು ನೇರ ಎದುರಾಳಿಯ ಗೋಲಿನ ಬಾಯಿಗೇ ಬಂದು ಬೀಳುತ್ತದೆ. ಕಣ್ಣು ಮಿಟುಕಿಸಲು ಪುರುಸೊತ್ತಿಲ್ಲದ ಆಟವಿದು, ಅದರ ರುಚಿ ಹತ್ತಿದವರು ಸುಲಭಕ್ಕೆ ಬಿಡುವುದಿಲ್ಲ.

ಆದರೆ ಸೆವೆನ್ಸ್ ನೋಡಿ ಬೆಳೆದವರಲ್ಲಿ ಹಲವರಿಗೆ ಟಿವಿಯಲ್ಲಿ ಕಾಣುವ ವೃತ್ತಿಪರ ಲೀಗಿನ ಲೆಕ್ಕಾಚಾರ ಅಷ್ಟಾಗಿ ಹಿಡಿಸುವುದಿಲ್ಲ. ಇವತ್ತು ಸೋತ ತಂಡ ಮುಂದಿನ ವಾರ ಮತ್ತೆ ಆಡುವುದು ಹೇಗೆ? ಎಲ್ಲರಿಗಿಂತ ಹೆಚ್ಚು ಪಂದ್ಯ ಗೆದ್ದವರ ಕೈಗೆ ಟ್ರೋಫಿ ಬಾರದಿರುವುದು ಯಾಕೆ? ಇವು ನ್ಯಾಯವಾದ ಪ್ರಶ್ನೆಗಳೇ. ಉತ್ತರ ಗೊತ್ತಾದರೆ ನಮ್ಮ ಜಿಲ್ಲೆಯ ಹುಡುಗರು ಎಲ್ಲಿ ಹಿಂದೆ ಬೀಳುತ್ತಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ.

ಸೆವೆನ್ಸ್ ಟೂರ್ನಮೆಂಟು ಹೆಚ್ಚಾಗಿ ನಾಕೌಟ್. ಸೋತವರು ಗಂಟುಮೂಟೆ ಕಟ್ಟಬೇಕು. ಲೀಗಿನಲ್ಲಿ ಹಾಗಿಲ್ಲ. ಅಲ್ಲಿ ಪ್ರತಿ ತಂಡವೂ ಉಳಿದ ಎಲ್ಲ ತಂಡಗಳೊಡನೆ ಆಡಲೇಬೇಕು, ಸಾಮಾನ್ಯವಾಗಿ ಎರಡೆರಡು ಸಲ: ಒಮ್ಮೆ ತನ್ನೂರಲ್ಲಿ, ಒಮ್ಮೆ ಅವರೂರಲ್ಲಿ. ಗೆದ್ದರೆ 3 ಪಾಯಿಂಟು, ಡ್ರಾ ಆದರೆ ಇಬ್ಬರಿಗೂ ತಲಾ 1, ಸೋತರೆ ಸೊನ್ನೆ. ನಮಗೆ ಹತ್ತಿರದ ಉದಾಹರಣೆ 2024ರಲ್ಲಿ ಶುರುವಾದ ಸೂಪರ್ ಲೀಗ್ ಕೇರಳ. ಕ್ಯಾಲಿಕಟ್, ಕೊಚ್ಚಿ, ಮಲಪ್ಪುರಂ, ತೃಶೂರು, ತಿರುವನಂತಪುರ, ಕಣ್ಣೂರು ಎಂದು ಆರು ತಂಡಗಳು. ಒಂದೊಂದಕ್ಕೂ ಎದುರಾಳಿಗಳು ಐದು, ಅವರೊಡನೆ ಎರಡೆರಡು ಸಲದಂತೆ 10 ಪಂದ್ಯ. ಲೀಗ್ ಹಂತದಲ್ಲಿ ಒಟ್ಟು 30 ಪಂದ್ಯವಾದ ಮೇಲೆ ಮೊದಲ ನಾಲ್ಕು ಸ್ಥಾನದವರಿಗೆ ಸೆಮಿಫೈನಲ್, ಬಳಿಕ ಫೈನಲ್. ಸೆಪ್ಟೆಂಬರ್ 7ಕ್ಕೆ ಶುರುವಾದ ಆ ಮೊದಲ ಸೀಸನ್ ನವೆಂಬರ್ 10ಕ್ಕೆ ಮುಗಿಯಿತು. ಕಲ್ಲಿಕೋಟೆಯ ಇಎಂಎಸ್ ಕ್ರೀಡಾಂಗಣದಲ್ಲಿ ಕ್ಯಾಲಿಕಟ್ ಎಫ್‌ಸಿ 2-1ರಿಂದ ಫೋರ್ಸ ಕೊಚ್ಚಿಯನ್ನು ಮಣಿಸಿ ಟ್ರೋಫಿ ಎತ್ತಿತು.

ತವರು ಪಂದ್ಯ ಅನ್ನುವುದು ಹೆಸರಿಗೆ ಮಾತ್ರದ ಸಂಗತಿಯಲ್ಲ. ತನ್ನ ನೆಲ, ತನ್ನ ಜನ, ಪ್ರಯಾಣದ ಆಯಾಸವಿಲ್ಲದ ಕಾಲು ಇವೆಲ್ಲ ಸೇರಿ ಪಾಯಿಂಟು ತರುತ್ತವೆ. ಮೊದಲ ಸೀಸನ್ನಿನಲ್ಲಿ ಕಣ್ಣೂರು ವಾರಿಯರ್ಸ್ ತನ್ನ ತವರು ಪಂದ್ಯಗಳನ್ನು ಆಡಿದ್ದು ಕಣ್ಣೂರಿನಲ್ಲಲ್ಲ, ಕಲ್ಲಿಕೋಟೆಯಲ್ಲಿ. ಮರುವರ್ಷ ತಂಡ ಕಣ್ಣೂರಿನ ಜವಾಹರ್ ಕ್ರೀಡಾಂಗಣಕ್ಕೆ ಬಂತು. 2025ರ ಆ ಸೀಸನ್ನಿನ ಟ್ರೋಫಿಯೂ ಕಣ್ಣೂರಿನ ಪಾಲಾಯಿತು. ಕಾಸರಗೋಡಿನಿಂದ ರೈಲು ಹತ್ತಿದರೆ ಒಂದೆರಡು ಗಂಟೆಯೊಳಗೆ ತಲಪುವ ಊರು ಅದು.

ಇನ್ನು ಅಂಕಪಟ್ಟಿ. ಒಂದೇ ಒಂದು ಸಾಲನ್ನು ಸರಿಯಾಗಿ ಓದಲು ಕಲಿತರೆ ಲೀಗಿನ ಮುಕ್ಕಾಲು ಪಾಲು ತಿಳಿದಂತೆಯೇ. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಬೆಂಗಳೂರು ಎಫ್‌ಸಿಯ ಸಾಲು ಹೀಗಿತ್ತು: ಆಡಿದ್ದು 18, ಗೆದ್ದದ್ದು 13, ಡ್ರಾ 1, ಸೋತದ್ದು 4. ಹದಿಮೂರು ಮೂರಲೆ ಮೂವತ್ತೊಂಬತ್ತು, ಡ್ರಾದ ಒಂದು ಸೇರಿ 40 ಪಾಯಿಂಟು. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಪಾಯಿಂಟಿನ ಅಂತರವೆಂದರೆ ಎರಡು ಗೆಲುವು ಕಳೆದರೂ ಇನ್ನೆರಡು ಪಾಯಿಂಟು ಮಿಕ್ಕುವಷ್ಟು. ಯುರೋಪಿನ ದೊಡ್ಡ ಲೀಗುಗಳಲ್ಲಾಗಿದ್ದರೆ ಅಲ್ಲಿಗೇ ಬೆಂಗಳೂರು ಚಾಂಪಿಯನ್. ಆದರೆ ಐಎಸ್‌ಎಲ್‌ನಲ್ಲಿ ಆಗ ಪಟ್ಟಿ ಮುಗಿದ ಮೇಲೆ ಮೇಲಿನ ತಂಡಗಳ ನಡುವೆ ನಾಕೌಟ್ ಮಾದರಿಯ ಪ್ಲೇಆಫ್ ಇತ್ತು. 2018ರ ಮಾರ್ಚ್ 17ರಂದು ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ 9ನೇ ನಿಮಿಷಕ್ಕೇ ಸುನಿಲ್ ಛೆಟ್ರಿ ಗೋಲು ಹೊಡೆದರೂ ಚೆನ್ನೈಯಿನ್ 3-2ರಿಂದ ಗೆದ್ದಿತು. ನಾಲ್ಕು ತಿಂಗಳ ದುಡಿಮೆ ಒಂದು ರಾತ್ರಿಗೆ ಕೈಜಾರಿತು. ಬೆಂಗಳೂರು ಅಭಿಮಾನಿಗಳಿಗೆ ಅದು ಇಂದಿಗೂ ಚುಚ್ಚುವ ನೆನಪು. ಆ ಗೆದ್ದ ಚೆನ್ನೈಯಿನ್ ಬಳಗದಲ್ಲಿ ತೃಕ್ಕರಿಪುರದ ಮೊಹಮ್ಮದ್ ರಾಫಿ ಇದ್ದರು.

ಇಂಥ ಅನ್ಯಾಯವನ್ನು ಸ್ವಲ್ಪವಾದರೂ ಸರಿಪಡಿಸಲೆಂದು 2019-20ರಿಂದ ಪಟ್ಟಿಯ ಮೊದಲ ಸ್ಥಾನದವರಿಗೆ ಲೀಗ್ ವಿನ್ನರ್ಸ್ ಶೀಲ್ಡ್ ಕೊಡುವ ಪದ್ಧತಿ ಬಂತು. ಮೊದಲು ಪಡೆದದ್ದು ಎಫ್‌ಸಿ ಗೋವಾ. ಅದರೊಡನೆ ಏಷ್ಯಾದ ದೊಡ್ಡ ಟೂರ್ನಿಯ ಬಾಗಿಲೂ ತೆರೆಯಿತು. ಹಾಗಾಗಿ ಆ ಬಳಿಕ ಐಎಸ್‌ಎಲ್‌ನಲ್ಲಿ ಎರಡು ಗೆಲುವುಗಳಿದ್ದವು, ಒಂದು ಶೀಲ್ಡ್, ಇನ್ನೊಂದು ಕಪ್. 2024-25ರಲ್ಲಿ ಮೋಹನ್ ಬಗಾನ್ ಎರಡನ್ನೂ ಗೆದ್ದಿತು. ಕಪ್ಪಿನ ಫೈನಲ್‌ನಲ್ಲಿ ಸೋತದ್ದು ಮತ್ತೆ ನಮ್ಮ ಬೆಂಗಳೂರೇ. ನನ್ನನ್ನು ಕೇಳಿದರೆ ಶೀಲ್ಡೇ ದೊಡ್ಡದು. ಮಳೆ, ಗಾಯ, ಪ್ರಯಾಣ, ಕಾರ್ಡು ಎಲ್ಲವನ್ನೂ ದಾಟಿ ತಿಂಗಳುಗಟ್ಟಲೆ ಮೇಲಿರುವುದು ಒಂದು ರಾತ್ರಿ ಚೆನ್ನಾಗಿ ಆಡುವುದಕ್ಕಿಂತ ಕಷ್ಟದ ಕೆಲಸ.

ಇಬ್ಬರ ಪಾಯಿಂಟು ಸಮವಾದರೆ? ಇಂಗ್ಲೆಂಡಿನಲ್ಲಿ ಹೊಡೆದ ಗೋಲಿನಿಂದ ತಿಂದ ಗೋಲನ್ನು ಕಳೆದು ನೋಡುತ್ತಾರೆ. ಐಎಸ್‌ಎಲ್ ಮೊದಲು ನೋಡುವುದು ಆ ಎರಡು ತಂಡಗಳು ತಮ್ಮತಮ್ಮಲ್ಲಿ ಆಡಿದಾಗ ಯಾರು ಮೇಲಾದರು ಅನ್ನುವುದನ್ನು. 2020-21ರಲ್ಲಿ ಮುಂಬೈ ಸಿಟಿ, ಎಟಿಕೆ ಮೋಹನ್ ಬಗಾನ್ ಇಬ್ಬರಿಗೂ 40 ಪಾಯಿಂಟು ಇತ್ತು. ಪರಸ್ಪರ ಪಂದ್ಯಗಳಲ್ಲಿ ಗೆದ್ದ ಮುಂಬೈಗೆ ಶೀಲ್ಡ್ ಹೋಯಿತು.

ಸೆವೆನ್ಸ್‌ನಲ್ಲಿ ಒಬ್ಬ ಆಟಗಾರ ಈ ವಾರ ಒಂದು ತಂಡಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಆಡಿಯಾನು. ವೃತ್ತಿಪರ ಲೀಗಿನಲ್ಲಿ ಅದು ಸಾಧ್ಯವಿಲ್ಲ. ವರ್ಷಕ್ಕೆ ಎರಡು ಸಲ ಮಾತ್ರ ವರ್ಗಾವಣೆಯ ಅವಧಿ ತೆರೆಯುತ್ತದೆ, ಆಗ ಹೆಸರು ನೋಂದಾಯಿಸಿದವರೇ ಕಣಕ್ಕಿಳಿಯಬೇಕು. ಐಎಸ್‌ಎಲ್‌ನಲ್ಲಿ 4 ಹಳದಿ ಕಾರ್ಡು ಕೂಡಿದರೆ ಒಂದು ಪಂದ್ಯ ಹೊರಗೆ ಕೂರಬೇಕು. ಸೀಸನ್ನಿನ ಕೊನೆಯ ವಾರಗಳಲ್ಲಿ ಕೋಚ್ ತನ್ನ ಒಳ್ಳೆಯ ಆಟಗಾರನನ್ನು ಬೆಂಚಿನಲ್ಲಿ ಕೂರಿಸಿದರೆ ಬೈಯುವ ಮೊದಲು ಅವನ ಕಾರ್ಡಿನ ಲೆಕ್ಕ ನೋಡಬೇಕು.

ವಿದೇಶಿ ಆಟಗಾರರ ಮಿತಿ ಇನ್ನೂ ಮುಖ್ಯವಾದದ್ದು. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಕಣದಲ್ಲಿರುವ ಹನ್ನೊಂದರಲ್ಲಿ 6 ಮಂದಿ ಹೊರದೇಶದವರಿರಬಹುದಿತ್ತು. ಭಾರತೀಯರಿಗೆ ಉಳಿದದ್ದು 5 ಜಾಗ. 2017-18ರಲ್ಲಿ ಅದು 6 ಆಯಿತು, 2021-22ರಲ್ಲಿ 7. ಒಂದೊಂದು ಜಾಗ ಹೆಚ್ಚಿದಾಗಲೂ ದೇಶದ ಎಷ್ಟೋ ಹುಡುಗರಿಗೆ ಹೊಟ್ಟೆಪಾಡಿನ ದಾರಿ ತೆರೆಯಿತು. ರಾಫಿಯ ದೊಡ್ಡತನ ಇಲ್ಲಿ ಕಾಣುತ್ತದೆ. ತಂಡಗಳು ವಿದೇಶಿ ಮಿತಿಯನ್ನು ಮೊದಲು ಖರ್ಚುಮಾಡುವುದೇ ಗೋಲು ಹೊಡೆಯುವವರ ಮೇಲೆ, ರಾಫಿ ಆಡುತ್ತಿದ್ದುದೂ ಆ ಜಾಗದಲ್ಲೇ. ಆಗ ದೇಶದ ಅಗ್ರ ಲೀಗಾಗಿದ್ದ ಐ-ಲೀಗಿನ 2009-10ರ ಸೀಸನ್ನಿನಲ್ಲಿ ಮಹೀಂದ್ರ ಯುನೈಟೆಡ್ ಪರ 14 ಗೋಲು ಹೊಡೆದವರು ಅವರು. 2014ರಲ್ಲಿ ಕೋಲ್ಕತ್ತ ತಂಡದೊಡನೆ ಮೊದಲ ಐಎಸ್‌ಎಲ್ ಗೆದ್ದರು. 2016ರ ಡಿಸೆಂಬರ್ 18ರಂದು ಕೊಚ್ಚಿಯಲ್ಲಿ ನಡೆದ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ 37ನೇ ನಿಮಿಷಕ್ಕೆ ಕಾರ್ನರಿಗೆ ತಲೆಕೊಟ್ಟು ಚೆಂಡನ್ನು ಬಲೆಗೆ ತಳ್ಳಿದರು. ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು ಅನ್ನುವುದು ಬೇರೆ ಮಾತು. ಆ ಗೋಲು ತೃಕ್ಕರಿಪುರದ್ದು.

ಆಗ್ನೇಯ ಏಷ್ಯಾದ ಲೀಗುಗಳಲ್ಲಿ ಈ ಮಿತಿಗೆ ಇನ್ನೊಂದು ಮುಖವಿದೆ. ಥಾಯ್ಲೆಂಡ್, ಮಲೇಷ್ಯಾದಲ್ಲಿ ಅಕ್ಕಪಕ್ಕದ ಆಸಿಯಾನ್ ದೇಶಗಳ ಆಟಗಾರರಿಗೆಂದೇ ಜಾಗ ಮೀಸಲಿಟ್ಟದ್ದುಂಟು. ನೆರೆಯವರು ಒಬ್ಬರಿಂದೊಬ್ಬರು ಕಲಿಯಲಿ ಎಂಬ ಯೋಚನೆ ಅದು. ಮಲೇಷ್ಯಾ ಲೀಗಿನಲ್ಲಿ ಜೊಹೋರ್ ದಾರುಲ್ ತಾಝಿಮ್ 2014ರಿಂದ ಸತತ ಹತ್ತಕ್ಕೂ ಹೆಚ್ಚು ಸೀಸನ್ ಗೆದ್ದ ತಂಡ. ಅಂಥ ತಂಡವನ್ನು 2016ರ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಎದುರಿಸಿತು. ಜೊಹೋರಿನಲ್ಲಿ 1-1, ಅಕ್ಟೋಬರ್ 19ರಂದು ಕಂಠೀರವದಲ್ಲಿ 3-1. ಏಷ್ಯಾದ ಈ ಟೂರ್ನಿಯ ಫೈನಲ್ ಮುಟ್ಟಿದ ಮೊದಲ ಭಾರತೀಯ ತಂಡವಾಯಿತು ಬೆಂಗಳೂರು. ದೇಶದೊಳಗೆ ಚೆನ್ನಾಗಿ ಆಡಿದ್ದರಿಂದ ಸಿಕ್ಕ ಅವಕಾಶವದು. ಲೀಗಿನ ಫಲ ಟ್ರೋಫಿಯಲ್ಲಿ ಮುಗಿಯುವುದಿಲ್ಲ.

ಸೀಸನ್ ನಿಂತಿರುವುದು ಮೈದಾನದ ಮೇಲಷ್ಟೇ ಅಲ್ಲ, ಕಾಗದಪತ್ರದ ಮೇಲೂ. ಐಎಸ್‌ಎಲ್‌ಗೆ ಆಧಾರವಾದ ವಾಣಿಜ್ಯ ಹಕ್ಕನ್ನು ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ 2010ರಲ್ಲಿ 15 ವರ್ಷಕ್ಕೆ ಬರೆದುಕೊಟ್ಟಿತ್ತು. ಆ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು, ಹೊಸದು ಆಗಿರಲಿಲ್ಲ. ಜುಲೈಯಲ್ಲೇ ಸೀಸನ್ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರು, ಸಿಬ್ಬಂದಿಯ ಸಂಬಳ ನಿಲ್ಲಿಸಿದ್ದಾಗಿ ಪ್ರಕಟಿಸಿತು. ಕೊನೆಗೆ 14 ತಂಡ, ಒಂದೇ ಸುತ್ತು, 91 ಪಂದ್ಯ ಎಂದು ಮೊಟಕುಗೊಳಿಸಿ 2026ರ ಫೆಬ್ರವರಿಗೆ ಇಟ್ಟರು. ಒಂದೇ ಸುತ್ತು ಎಂದರೆ ಒಬ್ಬರಿಗೆ ತವರಿನ ಲಾಭ, ಇನ್ನೊಬ್ಬರಿಗೆ ಅದಿಲ್ಲ. ಕರಾರಿನ ತೊಡಕು ಹೀಗೆ ಅಂಕಪಟ್ಟಿಗೂ ಬಂದು ತಟ್ಟುತ್ತದೆ.

ಈಗ ನಮ್ಮ ಜಿಲ್ಲೆಯ ಮಾತು. ಕೆಳಗೆ ಜಿಲ್ಲಾ ಲೀಗ್, ಅದರ ಮೇಲೆ ಕೇರಳ ಪ್ರೀಮಿಯರ್ ಲೀಗ್, ಅಲ್ಲಿಂದ ರಾಷ್ಟ್ರೀಯ ಲೀಗಿನ ಹಂತಗಳು, ತುದಿಯಲ್ಲಿ ಐಎಸ್‌ಎಲ್. ಇದೇ ಆಟಗಾರನ ಏಣಿ. ಸೂಪರ್ ಲೀಗ್ ಕೇರಳದಲ್ಲಿ ಕಾಸರಗೋಡಿನ ಹೆಸರಿನ ತಂಡವಿಲ್ಲ, ಹಣ ಕಟ್ಟಿ ಹಕ್ಕು ಪಡೆಯುವ ಲೀಗಾದ್ದರಿಂದ ಕೆಳಗಿನಿಂದ ಗೆದ್ದು ಅಲ್ಲಿಗೆ ಏರುವಂತೆಯೂ ಇಲ್ಲ. ಆದರೆ ಆಟಗಾರ ಏರಬಹುದು. ತೊಡಕಿರುವುದು ಏಣಿಯ ಮೊದಲ ಮೆಟ್ಟಿಲಲ್ಲೇ. ಸೆವೆನ್ಸ್‌ಗೆ ಫೆಡರೇಶನ್ನಿನ ಮನ್ನಣೆ ಇಲ್ಲ. ಅಲ್ಲಿ ಹೊಡೆದ ಗೋಲು ಯಾವ ದಾಖಲೆಯಲ್ಲೂ ಬರುವುದಿಲ್ಲ, ಅಲ್ಲಿ ಆದ ಗಾಯಕ್ಕೆ ಕ್ಲಬ್ಬಿನ ಹೊಣೆಯೂ ಇರುವುದು ಅಪರೂಪ. ಆಫ್‌ಸೈಡ್ ಇಲ್ಲದ ಚಿಕ್ಕ ಮೈದಾನದಲ್ಲಿ ಬೆಳೆದ ಹುಡುಗನಿಗೆ ಚುರುಕು, ಚೆಂಡಿನ ಹಿಡಿತ ಚೆನ್ನಾಗಿ ಬರುತ್ತದೆ. ಬಾರದ್ದು 90 ನಿಮಿಷದ ದಮ್ಮು, ಎದುರಾಳಿ ರಕ್ಷಣಾ ಸಾಲಿನ ಮೇಲೆ ಕಣ್ಣಿಟ್ಟು ಓಡುವ ಸಮಯಪ್ರಜ್ಞೆ. ಇವು ಹನ್ನೊಂದು ಮಂದಿಯ ಆಟ ಆಡಿಯೇ ಬರಬೇಕು, ಅದೂ ಹದಿಹರೆಯದಲ್ಲಿ.

ಸೆವೆನ್ಸ್ ಬಿಡಿ ಎಂದು ನಾನು ಹೇಳುತ್ತಿಲ್ಲ. ಅದು ಊರನ್ನು ಒಂದುಗೂಡಿಸುವ ಆಟ, ಎಷ್ಟೋ ಕ್ಲಬ್ಬುಗಳ ಖರ್ಚು ಹೊರುವುದೂ ಅದೇ. ಆದರೆ ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕ್ಲಬ್ಬುಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ನಿಮ್ಮ ಹುಡುಗರ ಹೆಸರನ್ನು ಜಿಲ್ಲಾ ಫುಟ್ಬಾಲ್ ಅಸೋಸಿಯೇಶನ್ ಮೂಲಕ ಫೆಡರೇಶನ್ನಿನ ನೋಂದಣಿ ವ್ಯವಸ್ಥೆಗೆ ಸೇರಿಸಿ, ಜಿಲ್ಲಾ ಲೀಗಿಗೆ ತಂಡ ಕಳಿಸಿ, ಟೂರ್ನಮೆಂಟಿನ ಟಿಕೆಟ್ ಹಣದ ಒಂದು ಪಾಲನ್ನು ಎಳೆಯರ ತರಬೇತಿಗೆ ಎತ್ತಿಡಿ. ಹೆತ್ತವರೂ ಮಗ ಆಡುವ ಕ್ಲಬ್ಬಿಗೆ ಹೋಗಿ, ಅವನ ನೋಂದಣಿ ಆಗಿದೆಯೇ ಎಂದು ಕೇಳಿ. ಹುಟ್ಟಿದ ದಿನದ ದಾಖಲೆ, ಒಂದು ಫೋಟೊ, ಗುರುತಿನ ಚೀಟಿ ಇದ್ದರೆ ಆ ಕೆಲಸ ಶುರುವಾಗುತ್ತದೆ.