ಒಂದು ಒರೆಯಲ್ಲಿ ಎರಡು ಕತ್ತಿ

ಒಂದು ಒರೆಯಲ್ಲಿ ಎರಡು ಕತ್ತಿಗಳು ಇರಲಾರವೆಂಬುದು ಹಿರಿಯರ ಮಾತು. ಕತ್ತಿಯ ವಿಷಯದಲ್ಲಿ ಅದು ದಿಟವೇ ಇರಬಹುದು. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಆ ಮಾತು ಈಗ ನಡೆಯುವಂತಿಲ್ಲ. ಒಂದೇ ಯಂತ್ರದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ತೆರೆಯ ಮೇಲೆ ಎರಡು ಆಪರೇಟಿಂಗ್ ಸಿಸ್ಟಮ್‌ಗಳು ಕಲಹವಿಲ್ಲದೆ ಬಾಳಬಲ್ಲವು. ಇದಕ್ಕೆ ದೊಡ್ಡ ಪ್ರಯೋಗಶಾಲೆಯೇನೂ ಬೇಕಿಲ್ಲ. ಹಾಸನದ ಒಂದು ಬಾಡಿಗೆ ಮನೆಯ ನಡುಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪು ಸಾಕು. ಕನ್ನಡ ಪಾಠ ಹೇಳುವವನಿಗೆ ಈ ಯಂತ್ರವಿದ್ಯೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ನುಡಿಯ ಈಚಿನ ಬರಹದ ಒಂದು ಪಾಲು ಉಳಿಯುವುದೂ ಅಳಿಯುವುದೂ ಈ ಉಪಾಯವನ್ನು ಅವಲಂಬಿಸಿದೆಯೆಂಬುದೇ ಅದಕ್ಕೆ ಉತ್ತರ.

ಓದಲಾಗದ ಕನ್ನಡ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಊರುಗಳಲ್ಲಿ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಡಿ.ಟಿ.ಪಿ. ಅಂಗಡಿಗಳು ತಲೆಯೆತ್ತಿದ ಕಾಲವೊಂದಿತ್ತು. 1990ರ ದಶಕದ ಕೊನೆಯಿಂದ ಮುಂದಿನ ಹತ್ತು ಹದಿನೈದು ವರ್ಷಗಳ ಕಾಲ ಅಲ್ಲಿ ಬೆರಳಚ್ಚಾದ ಕನ್ನಡಕ್ಕೆ ಲೆಕ್ಕವಿಲ್ಲ. ಮದುವೆಯ ಕರೆಯೋಲೆಗಳು ಕಳೆದರೆ ನಷ್ಟವಿಲ್ಲ. ಆದರೆ ಶಾಲೆಯ ಸ್ಮರಣ ಸಂಚಿಕೆ, ಊರ ದೇವರ ಸ್ಥಳಪುರಾಣ, ಅಜ್ಜಿಯರ ಬಾಯಿಂದ ಬರೆದುಕೊಂಡ ಬೀಸುವ ಪದ, ವಿದ್ಯಾರ್ಥಿಗಳ ಪ್ರಬಂಧ, ಇವೆಲ್ಲವೂ ಅದೇ ಅಂಗಡಿಗಳಲ್ಲಿ ಅಕ್ಷರರೂಪ ತಾಳಿದವು. ಅಚ್ಚಾದ ಐನೂರು ಪ್ರತಿಗಳು ಹಂಚಿಹೋದವು. ಮೂಲವು ಸಿ.ಡಿ.ಯ ಮೇಲೋ ಫ್ಲಾಪಿಯ ಮೇಲೋ ಉಳಿಯಿತು.

ಆ ಸಿ.ಡಿ.ಯನ್ನು ಇಂದಿನ ಯಂತ್ರಕ್ಕೆ ಹಾಕಿದರೆ ಕಾಣುವುದು ಕನ್ನಡವಲ್ಲ. ‘ಕನ್ನಡ’ ಎಂಬ ಪದವೇ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಪೌಂಡು ನಾಣ್ಯದ ಚಿಹ್ನೆ, ಮತ್ತೊಂದು ‘ಎ’, ಒಂದು ಜರ್ಮನ್ ಅಕ್ಷರ, ‘ಕ್ಯೂ’, ಮಗುದೊಂದು ‘ಎ’, ಹೀಗೆ ಏಳು ಅಪರಿಚಿತರ ಸಾಲಾಗಿ ನಿಲ್ಲುತ್ತದೆ. ಇದರ ಕಾರಣ ಸರಳ. ಆಗಿನ ಯಂತ್ರಕ್ಕೆ ಕನ್ನಡವೆಂಬ ಲಿಪಿಯುಂಟೆಂಬುದೇ ತಿಳಿಯದು. ಆದುದರಿಂದ ನಮ್ಮ ಜಾಣರು ರೋಮನ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕುಳ್ಳಿರಿಸಿದರು: ಒಂದರಲ್ಲಿ ತಲೆಕಟ್ಟು, ಒಂದರಲ್ಲಿ ಕೊಂಬು, ಇನ್ನೊಂದರಲ್ಲಿ ಒತ್ತು. ಫಾಂಟು ಜೊತೆಗಿರುವವರೆಗೆ ಕನ್ನಡ. ಫಾಂಟು ಹೋದರೆ ಬರಿಯ ಗೋಜಲು.

ಇದನ್ನು ಹಳಿಯುವಂತಿಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಹೊರಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪುಣೆಯಿಂದ ಬಂದ ‘ಶ್ರೀಲಿಪಿ’, ಇವು ಇಲ್ಲದಿದ್ದರೆ ಕನ್ನಡವು ಕಂಪ್ಯೂಟರಿನ ಹೊಸ್ತಿಲು ದಾಟುವುದೇ ತಡವಾಗುತ್ತಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆಯನ್ನು ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿ 1991ರಲ್ಲೇ ಹೊರಟಿತು. ಅದರಲ್ಲಿ ಕನ್ನಡವೂ ಇತ್ತು. ಆದರೆ ವಿಂಡೋಸ್ ಯಂತ್ರಗಳಿಗೆ ಆ ಕನ್ನಡ ತಿಳಿದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ. ಅಂಗಡಿಗಳಿಗೆ ಅದು ರೂಢಿಯಾಗಲು ಮತ್ತೂ ಬಹಳ ವರ್ಷಗಳು ಬೇಕಾದವು.

ಮನೆಯೊಳಗೊಂದು ಮನೆ

ಸಾಮಾನ್ಯ ಕಡತವಾದರೆ ಹಳೆಯ ಫಾಂಟನ್ನು ಹೊಸ ಯಂತ್ರಕ್ಕೆ ಹಾಕಿದರೂ ಓದಬಹುದು. ತೊಡಕು ಬರುವುದು ಪುಟವಿನ್ಯಾಸದ ಕಡತಗಳಲ್ಲಿ. ಅಂಗಡಿಗಳೆಲ್ಲ ನೆಚ್ಚಿದ್ದ ಪೇಜ್‌ಮೇಕರಿನ ಕಡೆಯ ಆವೃತ್ತಿ ಬಂದದ್ದು 2001ರಲ್ಲಿ. ಇನ್ನೂ ಹಿಂದಿನ ಹದಿನಾರು ಬಿಟ್ಟಿನ ತಂತ್ರಾಂಶಗಳಂತೂ ಇಂದಿನ ಅರವತ್ನಾಲ್ಕು ಬಿಟ್ಟಿನ ವಿಂಡೋಸಿನಲ್ಲಿ ಕಣ್ಣು ಬಿಡುವುದೇ ಇಲ್ಲ. ಹಳೆಯ ಯಂತ್ರವನ್ನೇ ಇಟ್ಟುಕೊಳ್ಳೋಣವೆಂದರೆ, ಅದು ಧೂಳು ಹಿಡಿದು ಯಾವ ದಿನ ಉಸಿರು ನಿಲ್ಲಿಸುವುದೋ ಹೇಳಲಾಗದು.

ಇಲ್ಲಿಯೇ ವರ್ಚುಯಲ್ ಮೆಷೀನ್, ಅಂದರೆ ಕಲ್ಪಿತ ಯಂತ್ರ, ನೆರವಿಗೆ ಬರುತ್ತದೆ. ಇದು ನಿನ್ನೆಯ ಶೋಧವಲ್ಲ. 1960ರ ದಶಕದಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯವರು ಕೋಣೆ ತುಂಬುವ ಒಂದು ಯಂತ್ರವನ್ನು ಹಲವರಿಗೆ ಹಂಚಿ, ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನೊಬ್ಬನದೇ ಎನಿಸುವಂತೆ ಮಾಡಿದರು. ಅದೇ ವಿದ್ಯೆ 1999ರಲ್ಲಿ ವಿಎಂವೇರ್ ಮೂಲಕ ಮೇಜಿನ ಕಂಪ್ಯೂಟರಿಗೆ ಇಳಿಯಿತು. 2007ರಲ್ಲಿ ವರ್ಚುಯಲ್‌ಬಾಕ್ಸ್ ಎಂಬ ತಂತ್ರಾಂಶ ಮುಕ್ತವಾಗಿ ದೊರೆತ ಮೇಲೆ ಬಡ ಮೇಷ್ಟರ ಮನೆಗೂ ಬಂದಿತು.

ಇದರಲ್ಲಿ ನಿಜವಾದ ಯಂತ್ರದ ಆಪರೇಟಿಂಗ್ ಸಿಸ್ಟಮ್ ಆತಿಥೇಯ. ಒಳಗೆ ಬಂದದ್ದು ಅತಿಥಿ. ಅತಿಥಿಗೆ ತಾನಿರುವುದು ಪರರ ಮನೆಯೆಂಬುದು ತಿಳಿಯದು. ಅದು ತನ್ನ ಹಾರ್ಡ್‌ಡಿಸ್ಕೆಂದು ನಂಬಿದ್ದು ಆತಿಥೇಯನ ಬಳಿ ಇರುವ ಒಂದು ದೊಡ್ಡ ಕಡತ ಮಾತ್ರ. ಆ ಕಡತವನ್ನು ನಕಲು ಮಾಡಿದರೆ ಇಡೀ ಯಂತ್ರವನ್ನೇ ನಕಲು ಮಾಡಿದಂತೆ. ಎಕ್ಸ್‌ಪಿಯಂತಹ ಮುದಿ ಅತಿಥಿಯ ಹಸಿವೂ ಅಲ್ಪ. ಎಂಟು ಜಿ.ಬಿ. ನೆನಪುಳ್ಳ ಯಂತ್ರದಲ್ಲಿ ಅರ್ಧ ಜಿ.ಬಿ. ಬಡಿಸಿದರೆ ತೃಪ್ತಿ, ಹತ್ತು ಜಿ.ಬಿ. ಜಾಗ ಕೊಟ್ಟರೆ ಸಾಕು.

ಕೆಲವು ಎಚ್ಚರಿಕೆಗಳುಂಟು. ಯಂತ್ರದ ಮೂಲ ಸಿದ್ಧತೆಯಲ್ಲಿ ವರ್ಚುಯಲೈಸೇಷನ್ ಎಂಬ ಗುಂಡಿ ಮುಚ್ಚಿದ್ದರೆ ತೆರೆಯಬೇಕು. ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು 2014ರ ಏಪ್ರಿಲ್ 8ಕ್ಕೆ ನಿಂತುಹೋದುದರಿಂದ ಅತಿಥಿಗೆ ಇಂಟರ್‌ನೆಟ್ಟಿನ ಬಾಗಿಲನ್ನು ಮುಚ್ಚಿಯೇ ಇಡತಕ್ಕದ್ದು. ಹಣಕೊಟ್ಟು ಬೇರೆಯಾಗಿ ಕೊಂಡ ಸಿ.ಡಿ.ಯ ಪರವಾನಗಿ ಬೇರೆ ಯಂತ್ರಕ್ಕೆ ಸಾಗಬಹುದು. ಹಳೆಯ ಯಂತ್ರದೊಡನೆ ಬಂದದ್ದು ಆ ಯಂತ್ರದೊಡನೆಯೇ ಮುಗಿಯಿತು. ಎಲ್ಲವನ್ನೂ ಹೊಂದಿಸಿದ ಮೇಲೆ ಒಂದು ‘ಸ್ನ್ಯಾಪ್‌ಶಾಟ್’ ತೆಗೆದಿಟ್ಟರೆ, ಮುಂದೆ ಏನು ಕೆಟ್ಟರೂ ಆ ಗಳಿಗೆಗೇ ಹಿಂದಿರುಗಬಹುದು.

ಎರಡು ಕಿಟಕಿಗಳ ನಡುವೆ

ಅರಕಲಗೂಡಿನ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ಕಳೆದ ವರ್ಷ ನನಗೊಂದು ಸಿ.ಡಿ. ಕೊಟ್ಟರು. ಸುತ್ತಲ ಹಳ್ಳಿಗಳಲ್ಲಿ ಅವರು ಕೂಡಿಸಿ, 2003ರಲ್ಲಿ ಬೆರಳಚ್ಚು ಮಾಡಿಸಿದ ಸೋಬಾನೆ ಹಾಗೂ ಬೀಸುವ ಪದಗಳು ಅದರಲ್ಲಿದ್ದವು. ಪುಸ್ತಕ ಅಚ್ಚಾಗಲಿಲ್ಲ; ಕೈಬರಹದ ಪುಸ್ತಕ ಗೆದ್ದಲಿಗೆ ಆಹಾರವಾಯಿತು; ಹಾಡಿದ ಹೆಂಗಸರಲ್ಲಿ ಈಗ ಬದುಕಿರುವವರು ಇಬ್ಬರು. ಇನ್ನುಳಿದ ಸಾಕ್ಷಿ ಆ ಸಿ.ಡಿ. ಒಂದೇ.

ಹೊಸ ವ್ಯವಸ್ಥೆಯ ಕಿಟಕಿಯಲ್ಲಿ ಅದು ಗೋಜಲು. ಎಕ್ಸ್‌ಪಿಯ ಕಿಟಕಿಯಲ್ಲಿ, ಅಂದಿನ ಫಾಂಟು, ಅಂದಿನ ಪೇಜ್‌ಮೇಕರಿನೊಡನೆ, ಪುಟಗಳು ಇದ್ದಂತೆಯೇ ಎದ್ದು ನಿಂತವು. ಆಮೇಲೆ ಪಠ್ಯವನ್ನು ಹೊರತೆಗೆದು, ಎರಡೂ ಕಡೆಗೆ ಸಮಾನವಾದ ಒಂದು ಫೋಲ್ಡರಿನ ಮೂಲಕ ಆತಿಥೇಯನಿಗೆ ದಾಟಿಸಿ, ಪರಿವರ್ತಕದಿಂದ ಯೂನಿಕೋಡಿಗೆ ತಿರುಗಿಸಿದ್ದಾಯಿತು.

ಒಂದು ಯಂತ್ರದಲ್ಲಿ ಎರಡು ವ್ಯವಸ್ಥೆಗಳು ಏಕಕಾಲದಲ್ಲಿ ಏಕೆ ಬೇಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪರಿವರ್ತಕವು ಎಷ್ಟು ಜಾಣನಾದರೂ ಅರ್ಕಾವತ್ತಿನಲ್ಲಿ ಎಡವುವುದುಂಟು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲೇ ಬರಬೇಕು. ಇದನ್ನರಿಯದ ಪರಿವರ್ತಕದ ಕೈಯಲ್ಲಿ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ, ‘ಸೂರ್ಯ’ನು ‘ಸೂಯರ್’ ಆಗುತ್ತಾನೆ. ಇಂಥ ತಪ್ಪನ್ನು ಯಾರೂ ಹಿಡಿಯಬಲ್ಲರು. ಆದರೆ ಜಾನಪದದಲ್ಲಿ ಮಾತಿನ ರೂಪವೇ ಬೇರೆ. ‘ಹೀಗೂ ಹಾಡಿರಬಹುದು’ ಎನಿಸುವ ಕಡೆ ತಿದ್ದುವವನ ಕೈಯೇ ಹಾಡನ್ನು ಕೆಡಿಸೀತು. ಎಡದಲ್ಲಿ ಹಳೆಯ ಕಿಟಕಿ, ಬಲದಲ್ಲಿ ಹೊಸ ಕಿಟಕಿ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿದಾಗ ಮಾತ್ರ ಮೂಲಕ್ಕೆ ನ್ಯಾಯ ದೊರೆಯುತ್ತದೆ. ತಾಳೆಗರಿಯ ಎರಡು ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ನೋಡುತ್ತಿದ್ದ ಪಂಡಿತರ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ರಾತ್ರಿ ಊಟದ ಬಳಿಕ ಎರಡು ಗಂಟೆಯಂತೆ ಕುಳಿತು, ನಲವತ್ತು ದಿನಗಳಲ್ಲಿ ಆ ಸಂಗ್ರಹ ಪೂರ್ಣವಾಯಿತು.

ಈ ಉಪಾಯ ಹಳೆಯದಕ್ಕೆ ಮಾತ್ರ ಮೀಸಲಲ್ಲ. ಮನೆಯಲ್ಲಿ ಒಂದೇ ಕಂಪ್ಯೂಟರುಳ್ಳ ಹೊಳೆನರಸೀಪುರದ ವಿದ್ಯಾರ್ಥಿ, ತಂದೆಯ ಲೆಕ್ಕಪತ್ರಗಳಿಗೆ ಕೂದಲೆಳೆಯಷ್ಟೂ ಕುಂದು ಬಾರದಂತೆ ಲಿನಕ್ಸನ್ನು ಅತಿಥಿಯಾಗಿ ಕರೆದು ಕಲಿಯಬಹುದು. ಕೆಟ್ಟರೆ ಕೆಡುವುದು ಅತಿಥಿಯ ಮನೆ ಮಾತ್ರ; ಅಳಿಸಿ ಮತ್ತೆ ಕಟ್ಟಿದರಾಯಿತು.

ಕಲ್ಲಿನ ಪಾಠ

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಗೊಮ್ಮಟನ ಪಾದಗಳ ಬಳಿ, ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿಗಳಲ್ಲಿ ಬೇರೆಬೇರೆ ಲಿಪಿಗಳಿಂದ ಕೆತ್ತಲಾಗಿದೆ. ಬರೆಸಿದವರು ಒಂದು ಲಿಪಿಯನ್ನಷ್ಟೇ ನಂಬಲಿಲ್ಲ; ಸಾವಿರ ವರ್ಷದ ಮೇಲೂ ಓದುವವರು ಇದ್ದಾರೆ. ಇಪ್ಪತ್ತು ವರ್ಷದ ಹಿಂದೆ ನಾವು ಬರೆದದ್ದು ನಮಗೇ ಓದಲು ಬಾರದಂತಾದರೆ ಅದು ಯಂತ್ರದ ದೋಷವೆಂದು ಕೈತೊಳೆದುಕೊಳ್ಳಲಾಗದು.

ಶಿಲೆಯಂತೆ ಸಿ.ಡಿ. ಬಾಳುವುದಿಲ್ಲ. ಅದರ ಹೊಳಪಿನ ಪದರ ಸುಲಿಯುವ ಮೊದಲೇ ಒಳಗಿದ್ದುದನ್ನು ಹೊರಗೆ ನಕಲು ಮಾಡಬೇಕು. ಯಾವ ತಂತ್ರಾಂಶದಲ್ಲಿ, ಯಾವ ಫಾಂಟಿನಲ್ಲಿ ಬರೆದದ್ದೆಂದು ಜೊತೆಯಲ್ಲೇ ಒಂದು ಚೀಟಿ ಇಡಬೇಕು. ತಮ್ಮ ಊರಿನ ಡಿ.ಟಿ.ಪಿ. ಅಂಗಡಿ ಬಾಗಿಲು ಮುಚ್ಚುತ್ತಿದೆಯೆಂದು ಕೇಳಿದರೆ ವಾಚಕರು ಒಮ್ಮೆ ಅತ್ತ ಹೋಗಿ, ಹಳೆಯ ಸಿ.ಡಿ.ಗಳ ಡಬ್ಬಿಯನ್ನು ಕೇಳಿ ತರಲಿ. ಗುಜರಿಯವನಿಗೆ ಅದರಿಂದ ಹತ್ತು ರೂಪಾಯಿಯೂ ದಕ್ಕದು. ಅದರೊಳಗೆ ಒಂದು ಊರಿನ ಹಾಡುಗಳೇ ಇದ್ದಾವು.