ಹಟ ಅಂದುಕೊಂಡಿದ್ದೆವು

ಎಳ್ಳ ಅಮಾವಾಸ್ಯೆಗೆ ನಮ್ಮ ಚೌಡಾಪುರದಲ್ಲಿ ಮನೆಯಲ್ಲಿ ಉಣ್ಣುವವರೇ ಇರುವುದಿಲ್ಲ, ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಎರಡು ವರ್ಷದ ಹಿಂದೆ ಆ ದಿನ ನಮ್ಮ ಕಾಕಾನ ಮಗಳು ರೊಟ್ಟಿಯನ್ನು ಚೂರುಚೂರು ಮಾಡಿ ತಟ್ಟೆ ತುಂಬ ಹರಡಿ, ಒಂದು ತುತ್ತೂ ಬಾಯಿಗಿಡದೆ ಎದ್ದಳು. ತೋಳು ಆಗಲೇ ಜೋಳದ ದಂಟಿನಂತಾಗಿತ್ತು. ಆದರೂ ತಾನು ದಪ್ಪ ಎನ್ನುತ್ತಿದ್ದಳು. “ಒಂದ್ ರೊಟ್ಟಿ ಉಣ್ಣಾಕ ಏನಾಗ್ಯಾದ ನಿನಗ?” ಎಂದು ಕಾಕಿ ಅತ್ತಳು. “ಮೊಬೈಲ್ ನೋಡಿ ಕೆಟ್ಟಾಳ” ಎಂದವನು ನಾನೇ. ಅಜ್ಜಿ ಮಾತ್ರ, “ನಿಮ್ಮ ಸೋದರತ್ತಿನೂ ಹಿಂಗೇ ಮಾಡತಿದ್ಲು” ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಕಲಬುರಗಿಯ ಮನೋವೈದ್ಯರೊಬ್ಬರು ಕಾಯಿಲೆಯ ಹೆಸರು ಹೇಳಿದರು: ಅನೊರೆಕ್ಸಿಯಾ ನರ್ವೋಸಾ. ಆಮೇಲೆ ಅವರು ಕೇಳಿದ್ದು, ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಆಗಿತ್ತೇ ಎಂದು. ಅಜ್ಜಿಯ ಮಾತು ಆಗ ನೆನಪಾಯಿತು.

ಬಯಾಲಜಿಯನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟವನು ನಾನು. ಆದರೂ ಓದತೊಡಗಿದೆ. ಈ ಕಾಯಿಲೆ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟು ವಂಶವಾಹಿಗಳ ಪಾಲು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. 2019ರಲ್ಲಿ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ದೊಡ್ಡ ಸಂಶೋಧನೆಯೊಂದು ಬಂತು. 16,992 ರೋಗಿಗಳ ಡಿಎನ್‌ಎಯನ್ನು ಕಾಯಿಲೆ ಇಲ್ಲದ 55,525 ಜನರ ಡಿಎನ್‌ಎ ಜೊತೆ ಹೋಲಿಸಿದ್ದರು. ಲಕ್ಷಗಟ್ಟಲೆ ಜಾಗಗಳಲ್ಲಿ ಯಾವ ಅಕ್ಷರ ರೋಗಿಗಳಲ್ಲಿ ಹೆಚ್ಚು ಕಾಣುತ್ತದೆ ಎಂಬ ಲೆಕ್ಕ ಅದು, ಎಂಜಿನಿಯರಿಂಗ್‌ನವನಿಗೂ ತಿಳಿಯುವಂಥದ್ದೇ. ಎಂಟು ಜಾಗ ಸಿಕ್ಕವು. ಗೀಳು, ಖಿನ್ನತೆ, ಆತಂಕದ ಜೊತೆ ಈ ಕಾಯಿಲೆಗೆ ವಂಶವಾಹಿ ನಂಟು ಕಂಡದ್ದು ನಿರೀಕ್ಷಿತವೇ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ: ದೇಹ ಸಕ್ಕರೆ, ಕೊಬ್ಬನ್ನು ಬಳಸಿಕೊಳ್ಳುವ ರೀತಿಗೂ ನಂಟಿತ್ತು. ಎಂದರೆ ನಾವು ತಂಗಿಯ ಹಟ ಎಂದು ಬೈದದ್ದರಲ್ಲಿ ಅವಳ ದೇಹದ್ದೂ ಪಾಲಿದ್ದಿರಬಹುದು.

ಹಾಗೆಂದು ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ ಮೊದಲೇ ತಿಳಿಯಲಾಗದು. ಒಂದೊಂದು ಜಾಗದ ಪ್ರಭಾವ ತೀರ ಸಣ್ಣದು. ಮೇಲಾಗಿ ಆ ಲೆಕ್ಕದಲ್ಲಿದ್ದವರೆಲ್ಲ ಯುರೋಪಿಯನ್ ಮೂಲದವರು. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಸೇರಿ ಒಂದೇ ಮನೆಯ ಹಲವರಿಗೆ ಬರುವ ಮಾನಸಿಕ ಕಾಯಿಲೆಗಳ ಮೂಲ ಹುಡುಕುತ್ತಿವೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು, ಮದ್ಯವ್ಯಸನ, ಮರೆವು ಎಂದು ಐದನ್ನು ಆರಿಸಿಕೊಂಡಿದ್ದಾರೆ. ಊಟದ ಕಾಯಿಲೆ ಅದರಲ್ಲಿಲ್ಲ. ನಮ್ಮತ್ತೆ, ನಮ್ಮ ತಂಗಿ ಯಾವ ಲೆಕ್ಕಕ್ಕೂ ಸೇರಿಲ್ಲ.

ಹಾಸ್ಟೆಲಿನಲ್ಲಿ ರೂಮ್‌ಮೇಟ್ ದಿನಾ ಮೆಸ್ ತಪ್ಪಿಸಿ ಸೊರಗುತ್ತಿದ್ದರೆ ತಮಾಷೆ ಮಾಡಬೇಡಿ. ಜೀವ ತೆಗೆಯುವ ಕಾಯಿಲೆ ಇದು. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ತಂಗಿಗೆ ಚಿಕಿತ್ಸೆ ನಡೆದಿದೆ. ಕಳೆದ ಎಳ್ಳ ಅಮಾವಾಸ್ಯೆಗೆ ಅವಳ ತಟ್ಟೆ ಕಡೆ ಯಾರೂ ನೋಡಬಾರದೆಂದು ಮೊದಲೇ ಮಾತಾಗಿತ್ತು. ನಾನು ಕದ್ದು ನೋಡಿದೆ. ಅರ್ಧ ರೊಟ್ಟಿ ಉಂಡಿದ್ದಳು.