ಹ್ಯಾಶ್ ಚಿಹ್ನೆಯ ಆಚೆಗಿನ ವಿಳಾಸ

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಲೆನಾಡಿನ ಕಳಸ ಪಟ್ಟಣವನ್ನು ತೆರೆದು, ನಕ್ಷೆಯನ್ನು ಹೊರನಾಡಿನತ್ತ ಎಳೆಯಿರಿ. ವಿಳಾಸಪಟ್ಟಿಯಲ್ಲಿ ಹ್ಯಾಶ್ ಚಿಹ್ನೆಯ ನಂತರದ ಅಂಕಿಗಳು ಬದಲಾಗುತ್ತವೆ: ಜೂಮ್ ಮಟ್ಟ, 13.23ರ ಆಸುಪಾಸಿನ ಅಕ್ಷಾಂಶ, 75.36ರ ಸಮೀಪದ ರೇಖಾಂಶ. ಪುಟ ಮಾತ್ರ ಮತ್ತೆ ಲೋಡ್ ಆಗುವುದಿಲ್ಲ.

ಹ್ಯಾಶ್‌ನ ನಂತರದ ಈ ತುಣುಕನ್ನು ಬ್ರೌಸರ್ ಸರ್ವರ್‌ಗೆ ಕಳಿಸುವುದೇ ಇಲ್ಲ. ಹಾಗಾಗಿ ಅದು ಬದಲಾದದ್ದನ್ನು ಪುಟದೊಳಗಿನ ಜಾವಾಸ್ಕ್ರಿಪ್ಟೇ ಗಮನಿಸಬೇಕು. ಮೊದಲೆಲ್ಲ ಸೆಕೆಂಡಿಗೆ ಹಲವು ಸಲ ವಿಳಾಸವನ್ನು ಇಣುಕಿ ನೋಡುವ ಟೈಮರ್ ಇಡುತ್ತಿದ್ದರು, ದಂಡದ ಕೆಲಸ. 2009ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ‘ಹ್ಯಾಶ್‌ಚೇಂಜ್’ ಎಂಬ ಸೂಚನೆಯನ್ನು ತಂದಿತು. ಮರುವರ್ಷ ಫೈರ್‌ಫಾಕ್ಸ್ 3.6 ಕೂಡ. ಈಗ ಬ್ರೌಸರೇ ಕೂಗಿ ಹೇಳುತ್ತದೆ, ಹಳೆಯದು ಹೊಸದು ಎರಡೂ ವಿಳಾಸಗಳ ಸಮೇತ.

ಸಿಗ್ನಲ್ ಕ್ಷೀಣಿಸುವ ಮಲೆನಾಡಿನ ತಿರುವುಗಳಲ್ಲಿ, ಪುಟ ಮತ್ತೆ ಲೋಡ್ ಆಗದೆ ವಿಳಾಸ ಬದಲಾಗುವುದು ಸಣ್ಣ ಅನುಕೂಲವಲ್ಲ. ಪುಟ ಕಟ್ಟುವವರಿಗೆ ಒಂದು ಎಚ್ಚರ: ‘ರಿಪ್ಲೇಸ್‌ಸ್ಟೇಟ್’ ಎಂಬ ಜಾವಾಸ್ಕ್ರಿಪ್ಟ್ ಆದೇಶದ ಮೂಲಕ ವಿಳಾಸ ಬದಲಿಸಿದರೆ ಹ್ಯಾಶ್‌ಚೇಂಜ್ ಸೂಚನೆ ಬರುವುದಿಲ್ಲ.